ಮಗಳ ಮನೆಗೆ ಎರಡು ಸಲ ಹೊರಟೆ

ನಮ್ಮ ಕಡೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಎಂದು ನಾವು ಕರೆಯುವ ಮಲ್ಲಿಕಾರ್ಜುನ ಅಳಿಯ. ಯುಗಾದಿಗೆ ಮಗಳಿಗೆ ಸೀರೆ, ಕುಬಸ, ಅರಿಷಿಣ, ಕುಂಕುಮ ಒಯ್ಯುವುದು ತವರಿನವರ ಕೆಲಸ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯಿಂದ ಪ್ರತಿವರ್ಷ ಕಂಬಿ, ಅಂದರೆ ದೇವರ ಹೆಸರಿನ ಅಲಂಕರಿಸಿದ ಕೋಲು, ಹೊತ್ತು ಸಾವಿರಾರು ಜನ ನಡೆದೇ ಹೋಗುವುದರ ಹಿಂದೆ ಈ ಬೀಗತನವಿದೆ. ಇಳಕಲ್ಲಿನಿಂದ ನಾವು ಹಿಡಿಯುವ ದಾರಿ ಸುಮಾರು 350 ಕಿಲೋಮೀಟರು; ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು.

ನಾನು ಮೊದಲು ಹೊರಟದ್ದು 2023ರಲ್ಲಿ, ನನ್ನ 63ನೆಯ ವಯಸ್ಸಿನಲ್ಲಿ. ರಾಯಚೂರು ದಾಟಲಿಲ್ಲ.

ಕಾಲು ಸೋತದ್ದಲ್ಲ. ನಮ್ಮ ಗುಂಪಿನಲ್ಲಿ ಮೂವತ್ತು ಜನ, ಅವರಲ್ಲಿ ಹೆಂಗಸರು ಐವರು. ಲಿಂಗಸುಗೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಬಯಲು. ಮಾರ್ಚಿನಲ್ಲಿ ಬೆಳೆ ಕಟಾವಾಗಿ ಎರೆಹೊಲ ಬೋಳಾಗಿರುತ್ತದೆ, ಮರೆಗೆ ಒಂದು ಗಿಡವಿಲ್ಲ. ನಡುರಸ್ತೆಯಲ್ಲಿ ಎಲ್ಲರನ್ನೂ ನಿಲ್ಲಿಸಿ "ನನಗೆ ಹೋಗಬೇಕಾಗಿದೆ" ಎನ್ನಲು ನಾಲಗೆ ಬರಲಿಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಬೆಳಗ್ಗೆ ಎರಡು ಗುಟುಕು, ದಾಸೋಹದಲ್ಲಿ ಕೊಟ್ಟ ಮಜ್ಜಿಗೆಯನ್ನೂ ಪಕ್ಕದವರಿಗೆ ದಾಟಿಸುತ್ತಿದ್ದೆ. ಆರನೆಯ ದಿನ ಉರಿಮೂತ್ರ, ರಾತ್ರಿ ಚಳಿಜ್ವರ. ರಾಯಚೂರಿನಲ್ಲಿ ಪರೀಕ್ಷಿಸಿದ ವೈದ್ಯರು ಮೂತ್ರದ ಸೋಂಕು, ಮೈಯಲ್ಲಿ ನೀರಿಲ್ಲ ಎಂದರು. ಮುಂದೆ ನಡೆಯಕೂಡದು ಎಂದರು. ನಸುಕಿನಲ್ಲಿ ಗುಂಪಿನವರು ಕಂಬಿ ಎತ್ತಿ "ಹರ ಹರ ಮಹಾದೇವ" ಎಂದು ಹೊರಟಾಗ ನಾನು ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಟೋಪ ತೆನಿ ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಬೇರೆಯವರ ಕೈಯಲ್ಲಿ ಕಳುಹಿಸು ಎಂದರು. ಮನಸ್ಸು ಒಪ್ಪಲಿಲ್ಲ. ಸೀರೆ ನನ್ನ ಜೊತೆಗೇ ಬಸ್ಸಿನಲ್ಲಿ ಊರಿಗೆ ಬಂತು, ಒಂದು ವರ್ಷ ದೇವರ ಮುಂದೆ ಕುಳಿತಿತು.

ನನ್ನ ವಯಸ್ಸಿನ ಹೆಂಗಸರು ನನ್ನನ್ನು ಕೇಳುವುದು ಮೊಣಕಾಲಿನ ಬಗ್ಗೆ. ನಾನು ಹೇಳುವುದು ನೀರಿನ ಬಗ್ಗೆ. ನೀರು ಬಿಟ್ಟವಳು ಬಿಸಿಲಿನಲ್ಲಿ ನಡೆಯಲಾರಳು. ನೀರು ಕುಡಿಯಬೇಕಾದರೆ ಅದರ ಮುಂದಿನ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು. 2024ರಲ್ಲಿ ಮತ್ತೆ ಹೊರಡುವ ಮೊದಲು ಗುಂಪಿನ ಹಿರಿಯರ ಮನೆಗೆ ಹೋಗಿ ನೇರವಾಗಿ ಕೇಳಿದೆ. "ಕಾಕಾ, ಎರಡು ತಾಸಿಗೊಮ್ಮೆ ಹೆಂಗಸರಿಗಾಗಿ ನಿಲ್ಲಬೇಕು. ಪೆಟ್ರೋಲ್ ಬಂಕೋ ಶಾಲೆಯೋ ಎಲ್ಲಿದೆ ಎಂದು ಸಾಮಾನಿನ ಟಂಟಂ ಓಡಿಸುವ ಹುಡುಗ ಮುಂದೆ ಹೋಗಿ ನೋಡಿ ಹೇಳಲಿ." ಅವರು ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತರು. "ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲವ್ವ" ಎಂದರು. ಅವರ ಹೆಂಡತಿಯೂ ಎರಡು ಸಲ ಆ ದಾರಿ ನಡೆದವರೇ. ಒಳಗಿನಿಂದ ಅವರು ಬಂದು ಬಾಗಿಲಲ್ಲಿ ನಿಂತದ್ದು ನನಗೆ ನೆನಪಿದೆ.

ಊರು, ಬಂಕು ಯಾವುದೂ ಸಿಗದ ಕಡೆಗೆ ಹಳೆಯ ಕಪ್ಪು ನೂಲಿನ ಸೀರೆಯೊಂದನ್ನು ಚೀಲದಲ್ಲಿಟ್ಟುಕೊಂಡೆವು. ನಾಲ್ವರು ಅದರ ಅಂಚು ಹಿಡಿದು ಸುತ್ತ ನಿಂತರೆ ಒಬ್ಬಳಿಗೆ ಮರೆ. ಮೊದಲ ದಿನ ಸಂಕೋಚವಾಯಿತು, ಮೂರನೆಯ ದಿನಕ್ಕೆ ಅದು ಹೋಯಿತು. ಹಳ್ಳಿಗಳಲ್ಲಿ ಬಾಗಿಲಲ್ಲಿ ನಿಂತ ಹೆಂಗಸನ್ನು ಕೇಳಿದರೆ ಒಬ್ಬರೂ ಇಲ್ಲ ಎನ್ನಲಿಲ್ಲ. ಬಚ್ಚಲಿಗೆ ಬಿಸಿನೀರು ಇಟ್ಟು ಕರೆದವರಿದ್ದಾರೆ.

ನಡಿಗೆಯ ಅಭ್ಯಾಸವನ್ನು ದೀಪಾವಳಿಗೆ ಶುರು ಮಾಡಿದ್ದೆ. ಹುನಗುಂದದ ರಸ್ತೆಯಲ್ಲಿ ದಿನಕ್ಕೆ 2 ಕಿಲೋಮೀಟರು, ವಾರಕ್ಕೊಂದು ಕಿಲೋಮೀಟರಿನಂತೆ ಏರಿಸುತ್ತ ಫೆಬ್ರುವರಿಗೆ 15. ಒಂದು ದಿನ ದೂರ ನಡೆಯುವುದು ಕಷ್ಟವಲ್ಲ, ಮರುದಿನ ಅದೇ ಕಾಲಿನಲ್ಲಿ ಎದ್ದು ಅಷ್ಟೇ ನಡೆಯಬೇಕು. ಅದಕ್ಕಾಗಿ ಸಾಲಾಗಿ ಮೂರು ದಿನ ನಡೆದು ನೋಡಿದೆ. ರಕ್ತದೊತ್ತಡದ ಮಾತ್ರೆ ಯಾವ ಹೊತ್ತಿಗೆ, ನೀರಿನಲ್ಲಿ ಉಪ್ಪು ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿ ಬರೆಸಿಕೊಂಡೆ. ಬೂಟನ್ನು ಸಂಜೆ ಹೊತ್ತು, ಪಾದ ಊದಿರುವಾಗ ಹೋಗಿ ಒಂದು ಅಳತೆ ದೊಡ್ಡದನ್ನೇ ತಂದೆ, ಎರಡು ತಿಂಗಳು ಹಾಕಿ ಪಳಗಿಸಿದೆ. ಬರಿಗಾಲ ಹರಕೆ ಹೊತ್ತವರಿಗೆ ಕೈ ಮುಗಿಯುತ್ತೇನೆ. ಆ ಹರಕೆ ನನಗಿರಲಿಲ್ಲ. ರಾತ್ರಿ ಬೆರಳ ಸಂದಿಗೆ ಹರಳೆಣ್ಣೆ, ಸೀರೆಯೊಳಗೆ ಮೊಣಕಾಲಿನವರೆಗೆ ತೆಳು ನೂಲಿನ ಚಡ್ಡಿ. ಇಲ್ಲದಿದ್ದರೆ ತೊಡೆ ಉಜ್ಜಿ ಕೆಂಪಾಗುತ್ತದೆ. ಇದನ್ನೂ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ.

ನಸುಕಿನ ಮೂರಕ್ಕೆ ಹೊರಟು ಒಂಬತ್ತೂವರೆಗೆ ನಿಲ್ಲುತ್ತಿದ್ದೆವು. ಮತ್ತೆ ಸಂಜೆ ಐದರ ಮೇಲೆ ನಡಿಗೆ. ಹುಡುಗರ ಹೆಜ್ಜೆಗೆ ಹೆಜ್ಜೆ ಸೇರಿಸುವುದನ್ನು ಈ ಸಲ ಬಿಟ್ಟೆ. ಉಳಿದವರಿಗಿಂತ ಅರ್ಧ ತಾಸು ಮುಂಚೆ ಹೊರಡುತ್ತಿದ್ದೆ, ಜೊತೆಗೆ ನನ್ನ ತಂಗಿ, ಅವಳ ಕೈಯಲ್ಲಿ ಬ್ಯಾಟರಿ. ದಾರಿಯಲ್ಲಿ ಅವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಆ ಕತ್ತಲಲ್ಲಿ ಹಿಂದಿನಿಂದ ಕಂಬಿಯ ಗೆಜ್ಜೆ ಸದ್ದು ಹತ್ತಿರವಾಗಿ, ಪಕ್ಕಕ್ಕೆ ಬಂದು, ಮುಂದಕ್ಕೆ ಹೋಗುವುದನ್ನು ಕೇಳುವುದೇ ಒಂದು ಪೂಜೆಯಂತಿತ್ತು.

ಊಟದ ಚಿಂತೆ ಈ ದಾರಿಯಲ್ಲಿ ಮಾಡಬೇಕಾಗಿಲ್ಲ. ರಸ್ತೆಯುದ್ದಕ್ಕೂ ಪೆಂಡಾಲು ಹಾಕಿ ಕರೆದು ಕೂರಿಸುತ್ತಾರೆ: ಕಟಿರೊಟ್ಟಿ, ಶೇಂಗಾ ಚಟ್ನಿ, ಅಂಬಲಿ, ಕಲ್ಲಂಗಡಿ, ಒಮ್ಮೊಮ್ಮೆ ಮಾದಲಿ. ಹದಿನೈದರ ಹುಡುಗನೊಬ್ಬ ಬಿಸಿನೀರಿನ ಬೋಗುಣಿ ತಂದು ನನ್ನ ಪಾದ ಹಿಡಿದುಕೊಂಡ. ಬೇಡಪ್ಪ ಎಂದು ಕಾಲೆಳೆದುಕೊಂಡೆ. "ಅಮ್ಮಾ, ಮಲ್ಲಯ್ಯನ ಪಾದ ಇದು" ಎಂದು ಮತ್ತೆ ಹಿಡಿದ. ಆಮೇಲೆ ಸುಮ್ಮನಾದೆ.

ರಾಯಚೂರಿನಲ್ಲಿ, ಹಿಂದಿನ ವರ್ಷ ತಿರುಗಿ ಬಂದ ಜಾಗದಲ್ಲಿ, ಒಂದು ಚೊಂಬು ನೀರು ಪೂರ್ತಿ ಕುಡಿದು ಮುಂದೆ ನಡೆದೆ. ಅಲ್ಲಿಂದಾಚೆ ತೆಲಂಗಾಣ, ತುಂಗಭದ್ರೆ ದಾಟಿದರೆ ಕರ್ನೂಲು. ಭಾಷೆ ಬದಲಾಯಿತು, ಆದರೂ ಎಲ್ಲರೂ ನನ್ನನ್ನು "ಅವ್ವಾ" ಎಂದೇ ಕರೆದರು. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ ಎಂದು ತಿಳಿದದ್ದು ಕರ್ನೂಲಿನಲ್ಲಿ. ಎರಡೂ ನನಗೆ ಒಪ್ಪುವ ಮಾತೇ.

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡು ಶುರು. ಇದು ಹುಲಿಗಳಿರುವ ಮೀಸಲು ಅರಣ್ಯ. ಶಿವರಾತ್ರಿ, ಯುಗಾದಿಯ ಹೊತ್ತಿಗೆ ಮಾತ್ರ ಕಾಲುದಾರಿ ಬಿಡುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕೈ ಮುಗಿದು ಪೆದ್ದಚೆರುವಿನ ಕಡೆ ಏರಿದೆವು. ಇಲ್ಲಿನ ಚೆಂಚು ಜನರಿಗೂ ಮಲ್ಲಯ್ಯ ಅಳಿಯನೇ, ತಮ್ಮ ಹುಡುಗಿಯನ್ನು ಮದುವೆಯಾದವನು ಎನ್ನುತ್ತಾರೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಬಂದದ್ದೂ ಈ ಬೆಟ್ಟಕ್ಕೆ. ಅವಳಿಗೆ ಟಂಟಂ ಇರಲಿಲ್ಲ, ಮುಂದೆ ಹೋಗಿ ನೆರಳು ಹುಡುಕುವವರಿರಲಿಲ್ಲ ಎಂದು ಒಂದು ಕಲ್ಲಿನ ಮೇಲೆ ಕುಳಿತಾಗ ನೆನೆದು ಗಂಟಲು ಬಿಗಿಯಿತು.

ಭೀಮನ ಕೊಳ್ಳ ನನ್ನನ್ನು ನಿಜಕ್ಕೂ ಪರೀಕ್ಷಿಸಿತು. ಕಡಿದಾದ ಕಲ್ಲಿನ ಇಳಿಜಾರು, ಆಮೇಲೆ ಅಷ್ಟೇ ಏರು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನೆಂದು 14ನೆಯ ಶತಮಾನದ ಅರಸ ಪ್ರೋಲಯ ವೇಮಾರೆಡ್ಡಿಯ ಹೆಸರು ಹೇಳುತ್ತಾರೆ. ಮೆಟ್ಟಿಲು ಸಿಕ್ಕಲ್ಲೆಲ್ಲ ಅವನನ್ನು ನೆನೆದೆ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು. ಕೋಲನ್ನು ಮೊದಲು ಕೆಳಮೆಟ್ಟಿಲಿಗೆ ಊರಿ, ಅಡ್ಡಡ್ಡ ತಿರುಗಿ, ಒಂದೊಂದೇ ಪಾದ ಇಳಿಸಿದೆ. ಹುಡುಗರು ಮಧ್ಯಾಹ್ನದೊಳಗೆ ಮುಗಿಸಿದ್ದನ್ನು ನಾನೂ ತಂಗಿಯೂ ದೀಪ ಹಚ್ಚುವ ಹೊತ್ತಿಗೆ ಮುಗಿಸಿದೆವು. ಕೈಲಾಸ ದ್ವಾರದಲ್ಲಿ ಕಾಕಾ ಒಬ್ಬರೇ ಕುಳಿತು ಕಾಯುತ್ತಿದ್ದರು, ಕೈಯಲ್ಲಿ ನೀರಿನ ಬಾಟಲಿ.

ಗುಡಿಯಲ್ಲಿ ಆ ಜನಸಾಗರದ ಸಾಲಿನಲ್ಲಿ ನಿಂತು ಅಮ್ಮನ ಮುಂದೆ ಬಂದಾಗ ಅರೆಗಳಿಗೆಯೂ ಸಿಗಲಿಲ್ಲ. ಗಂಟು ಬಿಚ್ಚಿ ಸೀರೆ, ಖಣ ಕೊಟ್ಟೆ. ಎರಡು ಸಲ ಹೊರಟ ಸೀರೆ, ಅದರ ಮಡಿಕೆಯಲ್ಲಿ ದಾರಿಯ ಧೂಳಿತ್ತು. ಅರ್ಚಕರು ತೆಗೆದುಕೊಂಡು, ಕುಂಕುಮ ಮತ್ತು ಒಂದು ಹಿಡಿ ಹೂ ನನ್ನ ಕಡೆ ಚಾಚಿದರು. ನಾನು ಸೆರಗು ಒಡ್ಡಿದೆ. ಮಗಳ ಮನೆಯಿಂದ ಬರಿ ಉಡಿಯಲ್ಲಿ ಬರಬಾರದೆಂದು ನಮ್ಮವ್ವ ಹೇಳುತ್ತಿದ್ದಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿಯುವವರೆಗೂ ಕೈ ಅದರ ಮೇಲೆಯೇ ಇತ್ತು.