ಅಲಸಂದೆಯ ಬೇರುಗಂಟು ಮತ್ತು ಮಾಲಿಬ್ಡಿನಂ: ಮಜಲು ಗದ್ದೆಯಲ್ಲಿ ನನ್ನ ಅನುಭವ

ಏಣೇಲು, ಅಂದರೆ ಮಳೆಗಾಲದ ಭತ್ತದ ಕಟಾವು ಮುಗಿದ ಮೇಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಅಲಸಂದೆ ಬಿತ್ತುವುದು ಕರಾವಳಿಯ ನಮ್ಮ ಮಜಲು (ಎತ್ತರಕ್ಕೂ ತಗ್ಗಿಗೂ ನಡುವಿನ ಮಟ್ಟದ) ಗದ್ದೆಗಳ ರೂಢಿ. ಬೀಜವೇನೋ ಚೆನ್ನಾಗಿಯೇ ಮೊಳೆಯುತ್ತಿತ್ತು. ಆದರೆ ಕೆಲವು ವಾರಗಳಲ್ಲೇ ಕೆಳಗಿನ ಎಲೆಗಳು ತಿಳಿಹಳದಿಗೆ ತಿರುಗಿ, ಗಿಡ ಅಲ್ಲಿಗೇ ಕುಂಠಿತವಾಗುತ್ತಿತ್ತು. ನೋಟಕ್ಕೆ ಇದು ಸಾರಜನಕದ ಕೊರತೆಯೇ. ಆದರೆ ರೈಜೋಬಿಯಂ (ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಿ ಬಿತ್ತಿದ ಸಾಲುಗಳಲ್ಲೂ ಅದೇ ಹಳದಿ ಕಂಡಾಗ, ಗಿಡಗಳನ್ನು ಮಣ್ಣುಹೆಂಟೆಯ ಸಮೇತ ಅಗೆದು, ಬೇರನ್ನು ನೀರಿನಲ್ಲಿ ತೊಳೆದು ನೋಡಿದೆ. ಗಂಟುಗಳಿಗೆ ಬರವಿರಲಿಲ್ಲ. ಬ್ಲೇಡಿನಿಂದ ಸೀಳಿದಾಗ ಮಾತ್ರ ಒಳಗೆ ಇರಬೇಕಾದ ಕೆಂಪು ಇರಲಿಲ್ಲ. ಹೆಚ್ಚಿನವು ಮಾಸಲು ಬಿಳಿ, ಕೆಲವು ಹಸಿರು. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ, ಗಂಟು ದುಡಿಯುತ್ತಿದೆ ಎಂಬುದರ ಗುರುತು.

ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿಸುವುದು ನೈಟ್ರೋಜನೇಸ್ ಎಂಬ ಕಿಣ್ವದಿಂದ. ಆ ಕಿಣ್ವದ ಕ್ರಿಯಾಕೇಂದ್ರದಲ್ಲಿ 7 ಕಬ್ಬಿಣದ ಮತ್ತು 9 ಗಂಧಕದ ಪರಮಾಣುಗಳ ಗೂಡಿದೆ, ನಡುವೆ ಒಂದು ಇಂಗಾಲದ ಪರಮಾಣುವಿದೆ, ಒಂದು ತುದಿಯಲ್ಲಿ ಒಂದೇ ಒಂದು ಮಾಲಿಬ್ಡಿನಂ ಇದೆ. ಈ ಲೋಹ ಸಿಗದಿದ್ದರೆ ಗಂಟು ಕಟ್ಟಿಯೂ ಪ್ರಯೋಜನವಿಲ್ಲ. ಮಣ್ಣಿನಿಂದ ಹೀರಿದ ನೈಟ್ರೇಟನ್ನು ಬಳಸಿಕೊಳ್ಳಲು ಗಿಡಕ್ಕೆ ಬೇಕಾದ ನೈಟ್ರೇಟ್ ರಿಡಕ್ಟೇಸ್ ಕಿಣ್ವಕ್ಕೂ ಇದೇ ಲೋಹ ಬೇಕು. ಹಾಗಾಗಿ ಕೊರತೆಯಿರುವ ನೆಲದಲ್ಲಿ ದ್ವಿದಳ ಬೆಳೆ ಎರಡೂ ಕಡೆಯಿಂದ ಸೊರಗುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಬೇಕಾಗುವ ಪ್ರಮಾಣವಾದರೋ ಅತ್ಯಲ್ಪ: ಒಂದು ಕಿಲೋ ಒಣ ಎಲೆಯಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಸಾಕಾಗುತ್ತದೆ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಈ ಲೋಹ ಇಲ್ಲವೇ ಇಲ್ಲ ಎಂದಲ್ಲ, ಅದು ಸಿಕ್ಕಿಬಿದ್ದಿದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಮಾಲಿಬ್ಡೇಟನ್ನು (ಗಿಡ ಹೀರಬಲ್ಲ ರೂಪದ ಮಾಲಿಬ್ಡಿನಂ) ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಸತು, ಮ್ಯಾಂಗನೀಸ್‌ಗಳು ಹುಳಿ ಹೆಚ್ಚಾದಷ್ಟೂ ಗಿಡಕ್ಕೆ ಸುಲಭವಾಗಿ ಸಿಕ್ಕರೆ, ಮಾಲಿಬ್ಡಿನಂ ಅದಕ್ಕೆ ತದ್ವಿರುದ್ಧ. ನನ್ನ ಗದ್ದೆಯ ರಸಸಾರ (pH) 5.2, ಅಂದರೆ ಹುಳಿಯೇ ಇತ್ತು. ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವ 12 ಅಂಶಗಳಲ್ಲಿ ಮಾಲಿಬ್ಡಿನಂ ಸೇರಿಲ್ಲ. ಆದ್ದರಿಂದ ರಸಸಾರ ಮತ್ತು ಗಂಟಿನ ಬಣ್ಣ, ಇವೆರಡರ ಆಧಾರದ ಮೇಲೆಯೇ ನಾನು ಮುಂದುವರಿಯಬೇಕಾಯಿತು. ನಮ್ಮದೇ ಗದ್ದೆಯ ಬೀಜವನ್ನು ವರ್ಷ ವರ್ಷ ಉಳಿಸಿ ಬಿತ್ತುತ್ತಿದ್ದುದೂ ಇಲ್ಲಿ ಮುಖ್ಯವೆಂದು ನನಗನಿಸುತ್ತದೆ, ಏಕೆಂದರೆ ಬೀಜ ತನ್ನೊಳಗೆ ಸ್ವಲ್ಪ ಮಾಲಿಬ್ಡಿನಂ ಹೊತ್ತು ತರುತ್ತದೆ, ಮತ್ತು ಬಡ ನೆಲದಲ್ಲಿ ಬೆಳೆದ ಬೀಜದಲ್ಲಿ ಆ ಬುತ್ತಿಯೂ ಕಡಿಮೆ.

ಬೀಜೋಪಚಾರಕ್ಕೆ ನಾನು ಬಳಸಿದ್ದು ಅಮೋನಿಯಂ ಮಾಲಿಬ್ಡೇಟ್, ಕಿಲೋ ಬೀಜಕ್ಕೆ 1 ಗ್ರಾಂ. ಇಷ್ಟು ಸಣ್ಣ ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಲದು. ಚಿನ್ನ ತೂಗುವಂಥ ಸಣ್ಣ ತಕ್ಕಡಿಯೇ ಬೇಕು. ಪುಡಿಯನ್ನು ಸುಮಾರು 20 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ತಾಡಪಾಲಿನ ಮೇಲೆ ಹರಡಿದ ಬೀಜಕ್ಕೆ ಚಿಮುಕಿಸುತ್ತಾ, ಕೈಗವಸು ಹಾಕಿ ಹಗುರವಾಗಿ ಹೊರಳಿಸಿದೆ. ಅಲಸಂದೆಯ ಸಿಪ್ಪೆ ತೆಳು; ನೀರು ಹೆಚ್ಚಾದರೆ ಅದು ಸುಕ್ಕುಗಟ್ಟಿ, ಉಜ್ಜಿದಾಗ ಕಳಚಿಬರುತ್ತದೆ. ನೆರಳಿನಲ್ಲಿ ಆರಿದ ಮೇಲೆ ಬೆಲ್ಲದ ಪಾಕದಲ್ಲಿ ಕಲಸಿದ ರೈಜೋಬಿಯಂ ಹಚ್ಚಿ, ತಡಮಾಡದೆ ಬಿತ್ತಿದೆ, ಏಕೆಂದರೆ ಮಾಲಿಬ್ಡೇಟ್ ಲವಣದ ಜೊತೆ ಬಹಳ ಹೊತ್ತು ಇದ್ದಷ್ಟೂ ಜೀವಾಣುಗಳು ಸಾಯುವ ಸಂಭವ ಹೆಚ್ಚು. ಹೋಲಿಕೆಗಾಗಿ ಅದೇ ಗದ್ದೆಯಲ್ಲಿ ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿಯಂತೆ, ಬರೀ ನೀರು ಮತ್ತು ರೈಜೋಬಿಯಂ ಹಚ್ಚಿದ ಬೀಜವನ್ನೂ ಬಿತ್ತಿದ್ದೆ. ಒಂದು ಮೂಲೆಗೆ ಮಾತ್ರ, ಮಣ್ಣು ಪರೀಕ್ಷೆಯ ವರದಿ ಸೂಚಿಸಿದ ಪ್ರಮಾಣದಲ್ಲಿ ಕೃಷಿ ಸುಣ್ಣವನ್ನು ಮೊದಲೇ ಹಾಕಿ ಮಣ್ಣಿನಲ್ಲಿ ಬೆರೆಸಿದ್ದೆ.

ಹೂ ಬಿಡುವ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಿಂತೇ ಪಟ್ಟಿಗಳನ್ನು ಗುರುತಿಸಬಹುದಾಗಿತ್ತು. ಉಪಚರಿಸಿದ ಸಾಲುಗಳ ಎಲೆ ಕಡುಹಸಿರು. ಅಗೆದು ನೋಡಿದರೆ ಗಂಟುಗಳ ಸಂಖ್ಯೆ ಪಕ್ಕದ ಪಟ್ಟಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಅವು ತಾಯಿಬೇರಿನ ಹತ್ತಿರ ದಪ್ಪಗೆ ಕೂತಿದ್ದವು, ಸೀಳಿದಾಗ ಬೀಟ್‌ರೂಟಿನ ಛಾಯೆಯ ಕೆಂಪು ಬ್ಲೇಡಿಗೂ ಅಂಟಿಕೊಂಡಿತು. ಗಂಟು ಎಷ್ಟಿವೆ ಎಂದು ಎಣಿಸುವುದಕ್ಕಿಂತ ಒಂದೆರಡನ್ನು ಸೀಳಿ ನೋಡುವುದೇ ಉಪಯುಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಮಾಣ ಹೆಚ್ಚಿಸುವ ಆಸೆ ಯಾರಿಗೂ ಬೇಡ. ಮಾಲಿಬ್ಡಿನಂ ಹೆಚ್ಚಾದರೆ ಗಿಡ ಹೊರನೋಟಕ್ಕೆ ಚೆನ್ನಾಗಿಯೇ ಇರಬಹುದು. ತೊಂದರೆ ಕಾಣುವುದು ಅದರ ಬಳ್ಳಿ ತಿನ್ನುವ ದನಗಳಲ್ಲಿ. ಮೆಲುಕುಚೀಲದಲ್ಲಿ ಅದು ಗಂಧಕದೊಂದಿಗೆ ಸೇರಿ ತಾಮ್ರವನ್ನು ಕಟ್ಟಿಹಾಕುತ್ತದೆ. ಭೇದಿ, ಬಣ್ಣಗೆಟ್ಟ ಕೂದಲು, ಸೊರಗುವಿಕೆ ಅದರ ಲಕ್ಷಣಗಳು. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಮಣ್ಣಿನಲ್ಲೇ ಮಾಲಿಬ್ಡಿನಂ ಹೆಚ್ಚಿರುವ ಹುಲ್ಲುಗಾವಲುಗಳಲ್ಲಿ ದನಗಳಿಗೆ ಹೀಗಾಗುವುದು ಬಹಳ ಹಿಂದೆಯೇ ಗೊತ್ತಾಗಿತ್ತು. ನಮ್ಮಲ್ಲಿ ಅಲಸಂದೆಯ ಬಳ್ಳಿ ಕೊನೆಗೆ ಹಟ್ಟಿಗೇ ಹೋಗುವುದರಿಂದ ನಾನು ಬೀಜೋಪಚಾರದ ಜೊತೆಗೆ ಎಲೆಗೂ ಸಿಂಪಡಿಸುವುದಿಲ್ಲ. ಉಪಚರಿಸಿ ಉಳಿದ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕುವುದಿಲ್ಲ.

ಸುಣ್ಣ ಹಾಕಿದ ಮೂಲೆಯಲ್ಲಿ ಉಪಚಾರವಿಲ್ಲದ ಗಿಡಗಳ ಗಂಟುಗಳೂ ಕೆಂಪಾಗಿದ್ದವು. ಮಣ್ಣು ಹಿಡಿದಿಟ್ಟುಕೊಂಡಿದ್ದ ಮಾಲಿಬ್ಡಿನಂ ಅನ್ನೇ ಸುಣ್ಣ ಹುಳಿ ತಗ್ಗಿಸಿ ಬಿಡಿಸಿಕೊಟ್ಟಿದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹಾಗಾಗಿ ಈಗ ಗದ್ದೆಯ ಉಳಿದ ಭಾಗಕ್ಕೂ ಹಂತಹಂತವಾಗಿ ಸುಣ್ಣ ಕೊಡುತ್ತಾ ಬಂದಿದ್ದೇನೆ. ಮಾಲಿಬ್ಡೇಟ್ ಹಚ್ಚುವುದು ಸುಣ್ಣ ಇನ್ನೂ ತಲುಪದ ಪಟ್ಟಿಗಳ ಬೀಜಕ್ಕೆ ಮಾತ್ರ.