ಕಡಿಮೆ ನೀರಿನ ಕೈತೋಟ: ಬೇರು ಕೆಳಗಿಳಿದ ಮೇಲೆ

ದಿನಾ ಸಂಜೆ ಪೈಪ್ ಹಿಡಿದು ಗಿಡಗಳಿಗೆ ನೀರು ಹಾಕುತ್ತಿದ್ದೆ. ಆದರೂ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಸೊರಗಿ ಜೋತು ಬೀಳುತ್ತಿದ್ದವು. ಒಮ್ಮೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಸುಮ್ನೆ ಕುರ್ಪಿಯಿಂದ ಮಣ್ಣು ಕೆದಕಿ ನೋಡಿದೆ. ಮೇಲೆ ಒಂದು ಇಂಚು ಮಾತ್ರ ಒದ್ದೆ. ಕೆಳಗೆ ಬೂದಿಯಂಥ ಒಣ ಮಣ್ಣು. ಬೇರುಗಳೆಲ್ಲ ಆ ಒಂದು ಇಂಚಿನಲ್ಲೇ ಅಡ್ಡಡ್ಡ ಹರಡಿಕೊಂಡಿದ್ದವು. ದಿನಾ ಮೇಲೆಯೇ ನೀರು ಸಿಗುತ್ತಿದ್ದರೆ ಅವು ಕೆಳಗೆ ಯಾಕೆ ಇಳಿಯುತ್ತವೆ, ಅಲ್ವಾ?

ಆವತ್ತಿನಿಂದ ದಿನಾ ನೀರು ಹಾಕುವುದನ್ನು ಬಿಟ್ಟೆ. ಹಾಕಿದಾಗ ಅರ್ಧ ಅಡಿಗಿಂತ ಕೆಳಗೆ ಇಳಿಯುವಷ್ಟು ನಿಧಾನವಾಗಿ ಹಾಕುತ್ತೇನೆ. ಎರಡು ಇಂಚು ಬೆರಳಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ ನೀರು. ಇದಕ್ಕೆ ಹನಿ ನೀರಾವರಿ ಪೈಪ್ ಬಹಳ ಅನುಕೂಲ. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಹಾಕಿದರೆ ನೀರು ಹರಿದು ಹೋಗದೆ ಅಲ್ಲೇ ಇಂಗುತ್ತದೆ.

ಜಾಸ್ತಿ ನೀರು ಕುಡಿಯುತ್ತಿದ್ದದ್ದು ಹುಲ್ಲುಹಾಸು. ಕೂರಲು ಬೇಕಾದಷ್ಟು ಜಾಗ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆದೆ. ಅಲ್ಲಿ ಕೊಳೆತ ಗೊಬ್ಬರ ಬೆರೆಸಿ ಕಾಗದದ ಹೂ, ಕಣಗಿಲೆ, ನಿತ್ಯಪುಷ್ಪ ನೆಟ್ಟೆ. ಕಣಗಿಲೆ ವಿಷದ ಗಿಡ. ಮಕ್ಕಳು, ದನ ಬರುವ ಕಡೆ ಬೇಡ. ಲೋಳೆಸರ, ಕತ್ತಾಳೆಗಳನ್ನು ಗೊಬ್ಬರ ಹಾಕದೆ, ಮರಳು ಬೆರೆಸಿದ ಬೇರೆ ಮಡಿಯಲ್ಲಿ ಇಟ್ಟೆ. ಮೊದಲು ಎಲ್ಲವನ್ನೂ ಒಟ್ಟಿಗೆ ನೆಟ್ಟಿದ್ದೆ. ಹೂಗಿಡಕ್ಕೆ ಬೇಕಾದ ನೀರಿಗೆ ಲೋಳೆಸರದ ಬುಡ ಕೊಳೆತು ಹೋಗಿತ್ತು. ಒಂದೇ ಬಾಯಾರಿಕೆಯ ಗಿಡಗಳು ಒಂದೇ ಮಡಿಯಲ್ಲಿರಬೇಕು.

ಇಂಥ ತೋಟಕ್ಕೆ ಝೆರಿಸ್ಕೇಪ್ ಅನ್ನುತ್ತಾರೆ. 1981ರಲ್ಲಿ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ಹುಟ್ಟುಹಾಕಿದ ಹೆಸರು ಇದು. ಗ್ರೀಕ್ ಭಾಷೆಯಲ್ಲಿ ಝೆರೋಸ್ ಅಂದರೆ ಒಣ. ಕೆಲವರು ಇದನ್ನು ಝೀರೋ ಅಂತ ಕೇಳಿಸಿಕೊಂಡು, ನೀರೇ ಬೇಡ ಅಂದುಕೊಳ್ಳುತ್ತಾರೆ. ಹಾಗಲ್ಲ. ಬರ ತಡೆಯುವ ಗಿಡಕ್ಕೂ ಮೊದಲ ವರ್ಷ ತಪ್ಪದೆ ನೀರು ಬೇಕು. ಬೇರು ಇಳಿಯುವ ಮೊದಲೇ ಕೈಬಿಟ್ಟು ನಾನು ನಾಲ್ಕು ಗಿಡ ಕಳೆದುಕೊಂಡೆ. ಇವತ್ತಿಗೂ ಬೇಜಾರಾಗುತ್ತದೆ.

ಮಣ್ಣು ಒಣಗದಂತೆ ಮೇಲೆ ಹರಡುವ ಮುಚ್ಚಿಗೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಣ ಎಲೆ, ತೊಗಟೆ ಚೂರು ಮೂರು ಇಂಚು ದಪ್ಪಕ್ಕೆ ಹರಡಿದ್ದೇನೆ. ಕಾಂಡದ ಸುತ್ತ ಮಾತ್ರ ನಾಲ್ಕು ಬೆರಳು ಜಾಗ ಬಿಟ್ಟಿರುತ್ತೇನೆ. ತಾಗಿದರೆ ಕಾಂಡ ಕೊಳೆಯುತ್ತದೆ. ಉರಿಬಿಸಿಲಲ್ಲಿ ಎಲೆ ಸರಿಸಿ ಅಂಗೈ ಇಟ್ಟರೆ ಮಣ್ಣು ತಣ್ಣಗಿರುತ್ತದೆ. ಆ ತಂಪು ಮುಟ್ಟಿದಾಗಲೆಲ್ಲ ನನಗೆ ಖುಷಿ. ಬೆಣಚುಕಲ್ಲು ನೋಡಲು ಚೆಂದ, ಆದರೆ ಬಿಸಿಲಿಗೆ ಕಾದು ಗಿಡವನ್ನೂ ಬೇಯಿಸುತ್ತದೆ. ಅದನ್ನು ಕತ್ತಾಳೆ ಮಡಿಗೆ ಮಾತ್ರ ಹಾಕಿದ್ದೇನೆ.

ಈಗ ಕೆಲಸ ಕಡಿಮೆ. ಮಳೆಗಾಲ ಮುಗಿದ ಕೂಡಲೇ ಕಳೆ ಕೀಳುತ್ತೇನೆ, ಇಲ್ಲದಿದ್ದರೆ ಉಳಿಸಿದ ನೀರು ಅದರ ಪಾಲು. ಬೇಸಿಗೆಗೆ ಮೊದಲು ಕರಗಿದ ಮುಚ್ಚಿಗೆಯ ಮೇಲೆ ಹೊಸ ಎಲೆ ಸುರಿಯುತ್ತೇನೆ. ಗಡಸು ನೀರಿನ ಉಪ್ಪು ಕಟ್ಟಿದ ಡ್ರಿಪ್ಪರ್‌ಗಳನ್ನು ಬಿಚ್ಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತೊಳೆದು ಮತ್ತೆ ಸಿಕ್ಕಿಸುತ್ತೇನೆ.