ಬೀದಿ ನಾಯಿಮರೀನ ಮನೆಗೆ ತರೋಕ್ ಮುಂಚೆ

ಮುದ್ದಾಗಿದೆ ಅಂತ ಎತ್ಕೊಂಡು ಬರೋಕ್ ಮುಂಚೆ ಮನೇಲಿ ಎಲ್ರೂ ಕೂತು ಮಾತಾಡಿ, ಯಾಕಂದ್ರೆ ಇದು 12-15 ವರ್ಷದ ಜವಾಬ್ದಾರಿ, ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅನ್ನೋದೂ ಈಗ್ಲೇ ತೀರ್ಮಾನ ಆಗ್ಬೇಕು. 8 ವಾರ ಆಗೋವರೆಗೂ ತಾಯಿ ಹತ್ರಾನೇ ಬಿಡಿ. ತಂದ ತಕ್ಷಣ ಡಾಕ್ಟರ್ ಹತ್ರ ಹೋಗಿ ಜಂತುಹುಳದ ಔಷಧಿ, ಪಾರ್ವೋ, ಡಿಸ್ಟೆಂಪರ್ (ನಾಯಿಗಳಿಗೆ ಬರೋ ಅಪಾಯಕಾರಿ ವೈರಸ್ ಕಾಯಿಲೆಗಳು) ಲಸಿಕೆ ಶುರು ಮಾಡ್ಸಿ, 3 ತಿಂಗಳಿಗೆ ರೇಬಿಸ್ ಇಂಜೆಕ್ಷನ್, ಬೂಸ್ಟರ್ ಮಾತ್ರ ತಪ್ಪಿಸ್ಲೇಬೇಡಿ, ಪಾರ್ವೋ ಬಂದ್ರೆ ಮರಿ ಎರಡ್ಮೂರು ದಿನದಲ್ಲೇ ಹೋಗ್ಬಿಡಬಹುದು, ನಾನು ಒಂದನ್ನ ಹಾಗೇ ಕಳ್ಕೊಂಡಿದೀನಿ.

ಊಟಕ್ಕೆ ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಚಿಕನ್ ಓಕೆ. ಈರುಳ್ಳಿ ಹಾಕಿದ ಸಾರು, ಚಾಕ್ಲೇಟ್, ದ್ರಾಕ್ಷಿ ಬೇಡ, ಪಾಯಸದಲ್ಲಿರೋ ಒಣದ್ರಾಕ್ಷೀನೂ ವಿಷಾನೇ.

ಒಳಗೆ ಉಚ್ಚೆ ಮಾಡಿದ್ರೆ ಹೊಡೀಬೇಡಿ, ಅದಕ್ಕೆ ಯಾಕೆ ಅಂತಾನೇ ಗೊತ್ತಾಗಲ್ಲ. ಊಟ ಆದ್ಮೇಲೆ, ನಿದ್ದೆಯಿಂದ ಎದ್ಮೇಲೆ ಹೊರಗೆ ಕರ್ಕೊಂಡ್ಹೋಗಿ, ಅಲ್ಲಿ ಮಾಡಿದ ತಕ್ಷಣ ಶಭಾಷ್ ಅನ್ನಿ. ನಾನು ಬೈದು ಐದ್ ನಿಮಿಷಕ್ಕೆಲ್ಲಾ ನಮ್ಮದು ಬಾಲ ಅಲ್ಲಾಡಿಸ್ಕೊಂಡು ಹತ್ರ ಬರ್ತಿತ್ತು, ಅದನ್ನ ನೋಡಿ ನೋಡಿ ಮನೆಯವರ ಮೇಲೆ ಸಿಟ್ಟು ಇಟ್ಕೊಳ್ಳೋದನ್ನ ನಾನೂ ಕಡಿಮೆ ಮಾಡಿದೀನಿ.

ಬೇಸಿಗೇಲಿ ವಾಕಿಂಗ್‌ಗೆ ಹೊರಡೋಕ್ ಮುಂಚೆ ರಸ್ತೆ ಮೇಲೆ ಅಂಗೈ ಇಟ್ಟು ನೋಡಿ, ನಿಮ್ಗೆ ಸುಟ್ರೆ ಅದ್ರ ಪಾದಕ್ಕೂ ಸುಡತ್ತೆ, ಸಂಜೆ ಹೋಗಿ.